ಮೀನಿನ ಕುಲ, ಮೀನಿನ ಕೂಳು

ಸವದತ್ತಿಯ ರಟ್ಟರು ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದ ಕಾಲದಲ್ಲಿ ಇಂದಿನ ಕಟಕೋಳ, ರಾಮದುರ್ಗದ ಸೀಮೆಯೂ ಚಾಲುಕ್ಯರ ನಾಡೇ ಆಗಿತ್ತು. ಚಾಲುಕ್ಯ ಮನೆತನದ ಅರಸ ಮೂರನೆಯ ಸೋಮೇಶ್ವರ 1131ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ, ಗಾಳ ಹಾಕಿ ಮೀನು ಹಿಡಿಯುವ ಆಟದ ಭಾಗವಿದೆ. ಸುಮಾರು 35 ಬಗೆಯ ಮೀನುಗಳನ್ನು ಅದು ಕಡಲಿನವು, ಸಿಹಿನೀರಿನವು; ಹುರುಪೆ ಇದ್ದವು, ಇಲ್ಲದವು; ದೊಡ್ಡವು, ಸಣ್ಣವು ಎಂದು ವಿಂಗಡಿಸಿ, ಅವುಗಳಿಗೆ ಹಾಕಬೇಕಾದ ತೀನಿಯನ್ನೂ ಹೇಳುತ್ತದೆ. 1951ರಲ್ಲಿ ಪ್ರಾಣಿಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ಇದನ್ನು ವಿಜ್ಞಾನಿಗಳ ಗಮನಕ್ಕೆ ತಂದರು. ಅರಸರು ಹೊತ್ತು ಕಳೆಯುವ ಆಟದಲ್ಲಿ ಶಾಸ್ತ್ರ ಎಲ್ಲಿಂದ ಬಂತು ಎಂದು ಕೇಳುವವರುಂಟು. ಗಾಳ ಹಾಕಿದವನ ಊಹೆ ತಪ್ಪಿದರೆ ಮೀನು ಕಚ್ಚುವುದಿಲ್ಲ. ಇಷ್ಟು ಖಡಾಖಂಡಿತ ಪರೀಕ್ಷೆ ಎಷ್ಟೋ ಪಂಡಿತರ ಶಾಸ್ತ್ರಕ್ಕೂ ಎದುರಾಗಿರಲಿಲ್ಲ. ತೀನಿಯಿಂದ ಮೀನನ್ನು ಅರಿಯುವ ಈ ದಾರಿ ಕೀಳಲ್ಲ ಎಂಬುದಕ್ಕೆ ಈ ಸೀಮೆಯ ನದಿ ಮಲಪ್ರಭೆಯ ನೀರು ಕಾಣದ ಮೀನೊಂದು ಸಾಕ್ಷಿಯಾಗುತ್ತದೆ: ಕೊಂಕಣಿಗರ ಶೆವ್ಟೊ, ಅಂದರೆ ಮಲೆಟ್.

ಖಾನಾಪುರ ತಾಲ್ಲೂಕಿನ ಬೆಟ್ಟಗಳ ಮಳೆ ಎರಡು ಪಾಲಾಗುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಹತ್ತಿರದ ಕಡಲಿಗೆ ಬೆನ್ನು ಹಾಕಿ, ಸವದತ್ತಿ, ರಾಮದುರ್ಗ ಹಾದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಮಹದಾಯಿ ಪಡುವಣಕ್ಕೆ ಇಳಿದು ಗೋವೆಯಲ್ಲಿ ಮಾಂಡೋವಿಯಾಗುತ್ತದೆ. ಶೆವ್ಟೊ ಸಿಗುವುದು ಅದರ ಅಳಿವೆಯಲ್ಲಿ. ಈ ಮೀನು ಮೊಟ್ಟೆಯಿಡುವುದು ಕಡಲಲ್ಲಿ, ಮರಿಗಳು ಬೆಳೆಯುವುದು ಅಳಿವೆಯಲ್ಲಿ, ಕೆಲವು ಸಿಹಿನೀರಿಗೂ ಏರುತ್ತವೆ. ಸೋಮೇಶ್ವರನ ಕಡಲು–ಸಿಹಿನೀರಿನ ಗೆರೆ ಇಲ್ಲಿ ಸೋಲುತ್ತದೆ, ನಿಜ. ರೂಪ ನೋಡಿ ವಿಂಗಡಿಸಿದವರೇನು ಗೆದ್ದರೆ? 1758ರಲ್ಲಿ ಲಿನೇಯಸ್ ಇದಕ್ಕೆ ‘ಮುಗಿಲ್ ಸೆಫಾಲಸ್’ ಎಂಬ ಹೆಸರು ಕೊಟ್ಟ. ಬೆನ್ನ ಮೇಲೆ ಅಂತರ ಬಿಟ್ಟು ಎರಡು ಈಜುರೆಕ್ಕೆ, ಮುಂದಿನದರಲ್ಲಿ ನಾಲ್ಕು ಮುಳ್ಳು, ಅಗಲ ತಲೆ: ಇಡೀ ಕುಟುಂಬ ಹೆಚ್ಚುಕಡಿಮೆ ಒಂದೇ ರೂಪದ್ದು. ಹುರುಪೆ ಎಣಿಸಿ, ತುಟಿ ಅಳೆದು ಕಟ್ಟಿದ ಕುಲಗಳಲ್ಲಿ ಹಲವು 2012ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದೆದುರು ನಿಲ್ಲಲಿಲ್ಲ. ಮುಗಿಲ್ ಸೆಫಾಲಸ್ ಎಂಬ ಒಂದೇ ಹೆಸರಿನಡಿ ಹಲವು ಪ್ರಭೇದಗಳು ಅಡಗಿರುವ ಸುಳಿವೂ ಸಿಕ್ಕಿತು. ಎರಡೂವರೆ ಶತಮಾನ ಕಣ್ಣನ್ನು ನಂಬಿದ್ದರ ಫಲ ಇದು.

ಶೆವ್ಟೊದ ಗುಟ್ಟೆಲ್ಲ ಇರುವುದು ಹೊಟ್ಟೆಯಲ್ಲಿ. ಸೀಳಿದರೆ ಜಠರದ ಹಿಂಭಾಗದಲ್ಲಿ ದಪ್ಪ ಸ್ನಾಯುವಿನ ಗಟ್ಟಿ ಚೀಲ ಕೈಗೆ ಸಿಗುತ್ತದೆ, ಕೋಳಿಯ ಹೊಟ್ಟೆಯಲ್ಲಿ ಕಾಳು ಅರೆಯುವಂಥದ್ದೇ. ಕೆಸರಿನೊಡನೆ ನುಂಗಿದ ಮರಳು ಅದರೊಳಗೆ ಸೂಕ್ಷ್ಮ ಪಾಚಿಯನ್ನು ನುಣ್ಣಗೆ ಅರೆಯುತ್ತದೆ. ಕರುಳು ಮೈಯುದ್ದದ ಹಲವು ಪಟ್ಟು. ಮಾಂಸ ಕಟ್ಟಿದ ಗಾಳಕ್ಕೆ ಈ ಮೀನು ಸುಲಭಕ್ಕೆ ಬೀಳದ ಕಾರಣವೂ, ಕೆಸರು ತುಂಬಿದ ಅಳಿವೆಯನ್ನೇ ಹುಡುಕಿ ಬರುವ ಕಾರಣವೂ ಅಲ್ಲೇ ಇದೆ. ತೀನಿ ವಯಸ್ಸಿನೊಡನೆ ಬದಲಾಗುತ್ತದಲ್ಲ, ಅದನ್ನು ನಂಬಿ ಕುಲ ಹೇಳುವುದು ಹೇಗೆ ಎಂಬ ತಕರಾರು ಬಲವಾದದ್ದು. ಶೆವ್ಟೊದ ಎಳೆಮರಿಯೂ ಮೊದಲು ನೀರಲ್ಲಿ ತೇಲುವ ಸೂಕ್ಷ್ಮಪ್ರಾಣಿಗಳನ್ನು ತಿಂದು, ಆಮೇಲೆ ತಳದ ಕೆಸರಿಗೆ ಇಳಿಯುತ್ತದೆ. ರಕ್ತಸಂಬಂಧ ತಿಳಿಯಲು ತೀನಿ ಸಾಲದು, ಒಪ್ಪಿದೆ. ಆದರೆ ಮತ್ಸ್ಯವಿನೋದ ಕೇಳಿದ್ದು ಸಂಬಂಧವನ್ನಲ್ಲ, ಮೀನಿನ ಬದುಕನ್ನು. ಇಂದಿನ ಮರಿಸಾಕಣೆಯವರೂ ಅದನ್ನೇ ಕೇಳಿ ಶೆವ್ಟೊದ ಮರಿಗೆ ಮೊದಲ ದಿನಗಳಲ್ಲಿ ರೋಟಿಫರ್ ಎಂಬ ಸೂಕ್ಷ್ಮಪ್ರಾಣಿಗಳನ್ನು ಜೀವಂತವಾಗಿ ಹಾಕುತ್ತಾರೆ, ಬೆಳೆದ ಮೇಲೆ ಹಿಟ್ಟಿನ ತೀನಿಗೆ ಒಗ್ಗಿಸುತ್ತಾರೆ.