ವಿದ್ಯೆಯೂ ಅನ್ನವೂ

ನಮ್ಮ ಹಳೆಯ ಊರುಗಳಲ್ಲಿ ‘ವಾರದ ಹುಡುಗ’ ಎಂಬ ಮಾತನ್ನು ಕೇಳದವರು ವಿರಳ. ಓದುವುದಕ್ಕಾಗಿ ಪಟ್ಟಣಕ್ಕೆ ಬಂದ ಬಡ ವಿದ್ಯಾರ್ಥಿಯು ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಇನ್ನೊಂದು ಮನೆಯಲ್ಲಿ, ಹೀಗೆ ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಉಂಡು ಓದುತ್ತಿದ್ದನು. ನಮ್ಮ ನಾಡಿನ ಎಷ್ಟೋ ವಿದ್ವಾಂಸರು ಈ ವಾರಾನ್ನದಿಂದಲೇ ಬೆಳೆದವರು. ಆದರೆ ಈ ಪದ್ಧತಿಗೆ ಒಂದು ಎಲ್ಲೆಯಿತ್ತು. ಉಣಬಡಿಸುವ ಮನೆಯೂ ಉಣ್ಣುವ ಹುಡುಗನೂ ಸಾಮಾನ್ಯವಾಗಿ ಒಂದೇ ಜಾತಿಯವರಾಗಿರಬೇಕಾಗಿತ್ತು. ಯಾರ ಕುಲದವರು ಪಟ್ಟಣದಲ್ಲಿ ಮನೆಮಾಡಿಕೊಂಡಿರಲಿಲ್ಲವೋ ಅವರ ಮಕ್ಕಳಿಗೆ ಏಳು ಮನೆಗಳಲ್ಲ, ಒಂದು ಮನೆಯೂ ದೊರೆಯುತ್ತಿರಲಿಲ್ಲ. ಒಕ್ಕಲಿಗನ ಮಗನು ಊರ ಶಾಲೆಯ ನಾಲ್ಕು ಇಯತ್ತೆಗಳನ್ನು ಮುಗಿಸಿ ನೇಗಿಲು ಹಿಡಿಯುತ್ತಿದ್ದುದಕ್ಕೆ ಅವನ ಬುದ್ಧಿಯ ಕೊರತೆಯು ಕಾರಣವಲ್ಲ. ಪಟ್ಟಣದಲ್ಲಿ ರಾತ್ರಿಯ ಊಟಕ್ಕೆ ನೆಲೆಯಿಲ್ಲದಿದ್ದುದೇ ಕಾರಣ.

ಈ ಸಣ್ಣ ಸಂಗತಿಯನ್ನು ಸರಿಯಾಗಿ ಅರಿತವರು ಒಂದು ನಾಡಿನ ಶಿಕ್ಷಣದ ದಾರಿಯನ್ನೇ ತಿರುಗಿಸಿದ ಕಥೆಯು ಬೆಳಗಾವಿಯದು. ಅದನ್ನೇ ನಾವು ಇಲ್ಲಿ ನೆನೆಯಲು ಹೊರಟಿದ್ದೇವೆ.

ಬೆಳಗಾವಿ, ಧಾರವಾಡ, ವಿಜಾಪುರ ಸೀಮೆಗಳು ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದುವು. ಮೈಸೂರಿನಲ್ಲಿದ್ದಂತೆ ಕನ್ನಡ ಮಕ್ಕಳ ವಿದ್ಯೆಯನ್ನು ತನ್ನದೆಂದು ನೋಡಿಕೊಳ್ಳುವ ಸಂಸ್ಥಾನವು ಅಲ್ಲಿರಲಿಲ್ಲ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಸ್ಥಾಪಿತವಾಗುವವರೆಗೆ, ಮೆಟ್ರಿಕ್ ಮುಗಿಸಿದ ಕನ್ನಡ ಹುಡುಗನು ಮುಂದೆ ಓದಬೇಕಾದರೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಹಾಗೆ ಪುಣೆಯ ಕಡೆ ಹೋದವರು ಪದವಿಯೊಡನೆ ಇನ್ನೊಂದನ್ನೂ ಕಂಡು ಬಂದರು. 1884ರಲ್ಲಿ ಅಲ್ಲಿ ಟಿಳಕರು, ಆಗರಕರರು ಮೊದಲಾದವರು ಡೆಕ್ಕನ್ ಎಜುಕೇಷನ್ ಸೊಸೈಟಿಯನ್ನು ಕಟ್ಟಿದ್ದರು. ವಿದ್ಯಾವಂತರಾದ ತರುಣರು ಸರಕಾರದ ಚಾಕರಿಯನ್ನು ಬಿಟ್ಟು ಅಲ್ಪ ವೇತನದಲ್ಲಿ ಆಜೀವ ಸೇವೆಯನ್ನು ಕೈಕೊಳ್ಳುವುದು ಅದರ ನಿಯಮ. ಈ ಮಾದರಿಯು ಕನ್ನಡಿಗರ ಮನಸ್ಸಿಗೂ ಹಿಡಿಯಿತು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಒಂದು ಆಂಗ್ಲೋ-ವರ್ನಾಕ್ಯುಲರ್ ಶಾಲೆಯು ತೆರೆಯಿತು. ಇದೇ ಕರ್ನಾಟಕ ಲಿಂಗಾಯತ ಎಜುಕೇಷನ್ ಸೊಸೈಟಿಯ ಮೊದಲು. ಇದನ್ನು ಕಟ್ಟಿದ ಏಳು ಜನರನ್ನು ಆ ನಾಡು ‘ಸಪ್ತರ್ಷಿ’ಗಳೆಂದು ಕರೆಯುತ್ತದೆ. ಮುಂದೆ 1944ರಲ್ಲಿ ರಬಕವಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಶಿ. ಶಿ. ಬಸವನಾಳರೂ, ಪಂಡಿತರಾದ ಎಂ. ಆರ್. ಸಾಖರೆಯವರೂ ಆ ಏಳು ಜನರಲ್ಲಿ ಸೇರಿದವರು.

ಹಣವು ಎಲ್ಲಿಂದ ಬಂದೀತು? ಇದಕ್ಕೂ ಹಿಂದಿನ ಒಂದು ದಾನವು ದಾರಿ ತೋರಿಸಿತ್ತು. ಸಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬರೆದಿಟ್ಟಿದ್ದರು. ಭೂಮಿಯ ಹುಟ್ಟುವಳಿಯು ಇನ್ನು ಮುಂದೆ ಒಂದು ಮನೆತನದ ವೈಭವಕ್ಕಲ್ಲದೆ ಬಡ ಹುಡುಗರ ವಿದ್ಯಾರ್ಥಿವೇತನಕ್ಕೆ ಸಲ್ಲತಕ್ಕದ್ದೆಂಬುದು ಆ ಕಾಲಕ್ಕೆ ಹೊಸ ವಿಚಾರ. 1933ರಲ್ಲಿ ಬೆಳಗಾವಿಗೆ ಕಾಲೇಜು ಬಂದಾಗ ಅದಕ್ಕೆ ಲಿಂಗರಾಜರ ಹೆಸರೇ ನಿಂತಿತು.

ಶಾಲೆಯಾಯಿತು, ಕಾಲೇಜೂ ಆಯಿತು. ಆದರೂ ಬಾಗಿಲು ತೆರೆದಿದ್ದ ಮಾತ್ರಕ್ಕೆ ಹಳ್ಳಿಯ ಹುಡುಗನು ಒಳಗೆ ಬಂದಂತಾಗಲಿಲ್ಲ. ಖಾನಾಪುರದ ಕಾಡಿನ ಕಡೆಯವನಿಗೆ ಮಳೆಗಾಲದ ಹಳ್ಳಗಳು ಅಡ್ಡ; ಬೈಲಹೊಂಗಲದ ಎರೆಹೊಲದ ಕಡೆಯವನಿಗೆ ದೂರವು ಅಡ್ಡ. ತಾಯಿಯು ಕಟ್ಟಿಕೊಟ್ಟ ರೊಟ್ಟಿಯ ಬುತ್ತಿಯು ಕೆಲವು ದಿನ ಬಂದೀತು, ಆ ಮೇಲೆ? ಶುಲ್ಕವನ್ನು ಹೇಗೋ ಹೊಂದಿಸಿದ ತಂದೆಯೂ ಈ ಪ್ರಶ್ನೆಗೆ ಸೋತು ಮಗನನ್ನು ಹಿಂದಕ್ಕೆ ಕರೆದುಕೊಳ್ಳುತ್ತಿದ್ದನು.

ಇದಕ್ಕೆ ಉತ್ತರ ಕೊಟ್ಟವರು ನಾಗನೂರು ರುದ್ರಾಕ್ಷಿಮಠದ ಶಿವಬಸವಸ್ವಾಮಿಗಳು. 1889ರಲ್ಲಿ ಹುಟ್ಟಿ ನೂರಕ್ಕೂ ಹೆಚ್ಚು ವರ್ಷ ಬಾಳಿ 1994ರಲ್ಲಿ ಲಿಂಗೈಕ್ಯರಾದ ಈ ಹಿರಿಯರು 1932ರಲ್ಲಿ ಬೆಳಗಾವಿಯಲ್ಲಿ ಉಚಿತ ಪ್ರಸಾದನಿಲಯವನ್ನು ತೆರೆದರು. ಬಂದ ವಿದ್ಯಾರ್ಥಿಗೆ ಮಲಗಲು ಸ್ಥಳ, ಎರಡು ಹೊತ್ತಿನ ಊಟ. ಇದಿಷ್ಟೇ ಆ ಏರ್ಪಾಡು. ಅದರ ಮುಂದಿನ ವರ್ಷವೇ ಲಿಂಗರಾಜ ಕಾಲೇಜು ತೆರೆಯಿತೆಂಬುದನ್ನು ಗಮನಿಸಬೇಕು. ಒಂದು ಕಡೆ ಪಾಠದ ಕೋಣೆ, ಇನ್ನೊಂದು ಕಡೆ ಅಡುಗೆಯ ಕೋಣೆ. ಇವೆರಡೂ ಕೂಡಿದಾಗಲೇ ಹಳ್ಳಿಯವನ ಪಾಲಿಗೆ ವಿದ್ಯಾಲಯವು ಪೂರ್ಣವಾಯಿತು.

ಇದರಲ್ಲಿ ಹೊಸದೇನು, ಮಠಗಳು ಹಿಂದಿನಿಂದಲೂ ಅನ್ನವನ್ನು ನೀಡುತ್ತಿರಲಿಲ್ಲವೇ ಎಂದು ಕೇಳಬಹುದು. ನೀಡುತ್ತಿದ್ದುದು ನಿಜ. ಹನ್ನೆರಡನೆಯ ಶತಮಾನದ ಶರಣರಿಂದ ಬಂದ ದಾಸೋಹವು ಆ ನಾಡಿಗೆ ಹೊಸದಲ್ಲ. ಆದರೆ ಹಿಂದಿನ ಅನ್ನವು ಬಂದವನ ಅಂದಿನ ಹಸಿವನ್ನು ಹಿಂಗಿಸಿ ಅವನನ್ನು ಮುಂದಿನ ಊರಿಗೆ ಕಳುಹಿಸುತ್ತಿತ್ತು. ಪ್ರಸಾದನಿಲಯದ ಅನ್ನವು ಅದೇ ಹುಡುಗನನ್ನು ನಾಲ್ಕಾರು ವರ್ಷ ಒಂದೆಡೆ ನಿಲ್ಲಿಸಿ, ಓದಿಸಿ, ಬೇರೆ ಮನುಷ್ಯನನ್ನಾಗಿ ಮಾಡಿ ಕಳುಹಿಸಿತು. ಭಕ್ತನು ತಂದೊಪ್ಪಿಸುವ ಜೋಳವು ಅದೇ, ಒಲೆಯು ಅದೇ. ಉದ್ದೇಶವು ಮಾತ್ರ ಬೇರೆ. ಹಳೆಯ ಧರ್ಮವನ್ನು ಬಿಡದೆ ಅದಕ್ಕೆ ಹೊಸ ಕೆಲಸವನ್ನು ಕೊಟ್ಟುದೇ ಇಲ್ಲಿಯ ನಾವೀನ್ಯ.

ಈ ವಿಚಾರವು ಒಂದೇ ಊರಿನಲ್ಲಿ ಹುಟ್ಟಿದುದೂ ಅಲ್ಲ. ಬೆಳಗಾವಿಗೆ ನೆರೆಯಾದ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1901ರಿಂದಲೇ ಬೇರೆ ಬೇರೆ ಸಮಾಜಗಳ ವಿದ್ಯಾರ್ಥಿಗಳಿಗೆ ವಸತಿಗೃಹಗಳನ್ನು ಕಟ್ಟಿಸತೊಡಗಿದ್ದರು. ಸಾತಾರೆಯ ಸೀಮೆಯಲ್ಲಿ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಎಲ್ಲ ಜಾತಿಯ ಹುಡುಗರನ್ನೂ ಒಂದೇ ಸೂರಿನಡಿ ಇರಿಸಿದರು. ನಮ್ಮ ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರಸ್ವಾಮಿಗಳು (1907–2019) ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರಗಳನ್ನು ನೀಡಿದುದನ್ನು ಎಲ್ಲರೂ ಬಲ್ಲರು. ದೂರದ ಡೆನ್ಮಾರ್ಕಿನಲ್ಲಿಯೂ 1844ರಿಂದ ರೈತರ ಮಕ್ಕಳಿಗಾಗಿ ಜನತಾ ವಿದ್ಯಾಲಯಗಳು ಹುಟ್ಟಿದುವು. ಅಲ್ಲಿ ಗುರುಶಿಷ್ಯರು ಒಟ್ಟಿಗೆ ವಾಸಮಾಡಿ ಕಲಿಯುತ್ತಿದ್ದರು. ದೇಶ, ಮತಗಳು ಬೇರೆಯಾದರೂ ಕಂಡುಕೊಂಡ ಸತ್ಯವು ಒಂದೇ: ರೈತನ ಮಗನಿಗೆ ಪಾಠಕ್ಕಿಂತ ಮೊದಲು ನೆಲೆ ಬೇಕು.

ನೆಲೆಯು ತಾನೇ ಒಂದು ಪಾಠವೂ ಆಗುತ್ತದೆ. ಇಂತಹ ನಿಲಯಗಳಲ್ಲಿ ಬೆಳಕು ಹರಿಯುವ ಮೊದಲೇ ಏಳಬೇಕು. ನೀರು ಸೇದಬೇಕು, ಕಸ ಗುಡಿಸಬೇಕು, ಸರದಿಯಂತೆ ಬಡಿಸಬೇಕು. ಗೌಡರ ಮಗನೂ ಕೂಲಿಯವನ ಮಗನೂ ಒಂದೇ ಸಾಲಿನಲ್ಲಿ ಕುಳಿತು ಒಂದೇ ಊಟವನ್ನು ಉಣ್ಣಬೇಕು. ಊರಿನಲ್ಲಿ ಕಟ್ಟೆಯ ಮೇಲೆ ಒಬ್ಬನು, ಕಟ್ಟೆಯ ಕೆಳಗೆ ಒಬ್ಬನು ಕುಳಿತು ಬೆಳೆದವರಿಗೆ ಈ ಸಾಲು ಕಲಿಸಿದುದನ್ನು ಯಾವ ಪಠ್ಯಪುಸ್ತಕವೂ ಕಲಿಸಲಾರದು.

ಇದರಿಂದ ಹಳ್ಳಿಗೆ ಏನು ಬಂತು? 1875ರಲ್ಲಿ ಇದೇ ಆಧಿಪತ್ಯದ ಪುಣೆ, ಅಹಮದನಗರ ಜಿಲ್ಲೆಗಳಲ್ಲಿ ರೈತರು ದಂಗೆಯೆದ್ದು ಸಾಹುಕಾರರ ಮನೆಗಳಿಂದ ಸಾಲಪತ್ರಗಳನ್ನು ಕಿತ್ತು ಸುಟ್ಟರು. ಓದಲು ಬಾರದವನಿಗೆ, ತಾನು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನಿದೆಯೆಂದು ತಿಳಿಯುವ ಉಪಾಯವಿರಲಿಲ್ಲ; ಸುಡುವುದೊಂದೇ ತಿಳಿದಿತ್ತು. ಮನೆಯಲ್ಲಿ ಓದಬಲ್ಲ ಒಬ್ಬ ಮಗನಿದ್ದರೆ ಕಾಗದವನ್ನು ಸುಡಬೇಕಾಗಿಲ್ಲ. ಓದಿಸಿ ಕೇಳಬಹುದು, ತಪ್ಪಿದ್ದರೆ ಕಚೇರಿಗೆ ಹೋಗಬಹುದು. ಒಬ್ಬನ ವಿದ್ಯೆಯು ಓಣಿಗೆಲ್ಲ ಕಣ್ಣಾಗುವುದು ಹೀಗೆ. ಅವನ ತಮ್ಮನೂ ನೆರೆಮನೆಯ ಹುಡುಗನೂ ಅದೇ ದಾರಿಯನ್ನು ಹಿಡಿಯುತ್ತಾರೆ.

ನಾಡಿಗೂ ಫಲ ದೊರೆಯಿತು. ಬೆಳಗಾವಿಯ ಕನ್ನಡಿಗರು ತಮ್ಮ ಭಾಷೆಗೆ ಸ್ಥಾನ ಬೇಡುತ್ತಿದ್ದ ದಿನಗಳಲ್ಲಿ ಶಿವಬಸವಸ್ವಾಮಿಗಳು ಕರ್ನಾಟಕದ ಏಕೀಕರಣಕ್ಕೆ ಬೆಂಬಲವಾಗಿ ನಿಂತರು. 1956ರ ನವೆಂಬರ್ 1ರಂದು ಬೆಳಗಾವಿಯು ಕನ್ನಡನಾಡಿನೊಡನೆ ಸೇರಿದಾಗ, ಆಡಳಿತವನ್ನು ಕನ್ನಡದಲ್ಲಿ ನಡೆಸಬಲ್ಲ ವಿದ್ಯಾವಂತರು ಹಳ್ಳಿಗಳ ಮನೆಗಳಲ್ಲಿಯೂ ಇದ್ದರೆಂದರೆ, ಅದರ ಹಿಂದೆ ಈ ಶಾಲೆ, ನಿಲಯಗಳ ನಾಲ್ಕು ದಶಕಗಳ ದುಡಿಮೆಯಿದೆ.

ಇತಿಹಾಸವನ್ನು ಹೇಳುವವರು ಹೊಗಳಿಕೆಗೆ ನಿಲ್ಲಬಾರದು. ಆ ಕಾಲದ ವಿದ್ಯಾಸಂಸ್ಥೆಗಳು ಬಹುಮಟ್ಟಿಗೆ ಒಂದೊಂದು ಸಮಾಜದ ಹೆಸರಿನಲ್ಲಿಯೇ ಎದ್ದುವು. ಸಂಘಟನೆಯಿಲ್ಲದ, ಮಠವಿಲ್ಲದ, ದೇಸಾಯರಿಲ್ಲದ ಜನರು ಹಿಂದೆಯೇ ಉಳಿದರು. ಈ ವಸತಿಯ ಏರ್ಪಾಡು ಬಹುಕಾಲ ಗಂಡುಮಕ್ಕಳದಾಗಿಯೇ ಇತ್ತು. ಅಣ್ಣನು ಬೆಳಗಾವಿಗೆ ಹೋಗಿ ಓದಿದನು. ಅವನಿಗೆ ರೊಟ್ಟಿ ತಟ್ಟಿ ಬುತ್ತಿ ಕಟ್ಟಿದ ತಂಗಿಯು ಅಕ್ಷರವನ್ನೂ ಕಾಣಲಿಲ್ಲ. ಓದಿದವನು ಅನೇಕ ಸಲ ಹಳ್ಳಿಗೆ ಹಿಂದಿರುಗಲೂ ಇಲ್ಲ. ಊರ ಜೋಳವನ್ನುಂಡವನು ಊರಿಗೆ ಏನನ್ನು ತೀರಿಸಬೇಕೆಂಬ ಪ್ರಶ್ನೆಯು ಇಂದಿಗೂ ಹಾಗೆಯೇ ಉಳಿದಿದೆ.

ಈಗ ಬೆಳಗಾವಿಯಲ್ಲಿ ಶಿವಬಸವನಗರವೆಂಬ ಬಡಾವಣೆಯಿದೆ. ಅಲ್ಲಿಯೇ ಮಠದ ಆಶ್ರಯದಲ್ಲಿ, ನೀರಾವರಿ ತಜ್ಞರಾದ ಎಸ್. ಜಿ. ಬಾಳೇಕುಂದ್ರಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜು ನಡೆಯುತ್ತಿದೆ. ಏಳು ಜನರು ತೆರೆದ ಶಾಲೆಯಿಂದ ಬೆಳೆದ ಸಂಸ್ಥೆಯು 1963ರಲ್ಲಿ ವೈದ್ಯಕೀಯ ಕಾಲೇಜನ್ನೂ ತೆರೆಯಿತು. ಕಟ್ಟಡಗಳು ದೊಡ್ಡವಾಗಿವೆ, ಶುಲ್ಕಗಳೂ ದೊಡ್ಡವಾಗಿರುವ ಕಾಲವಿದು. ಹೊಸ ಶಿಕ್ಷಣವೆಂದರೆ ನಾವು ಇಂದು ಹೊಸ ಯಂತ್ರವನ್ನೋ ಹೊಸ ಪಠ್ಯಕ್ರಮವನ್ನೋ ನೆನೆಯುತ್ತೇವೆ. ಅವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ 1932ರ ಬೆಳಗಾವಿಯಲ್ಲಿ ಒಬ್ಬ ಸ್ವಾಮಿಗಳು ಕೇಳಿದ ಪ್ರಶ್ನೆಯು ಬೇರೆಯಾಗಿತ್ತು: ಬರಬೇಕಾದವರಲ್ಲಿ ಯಾರು ಇನ್ನೂ ಬಂದಿಲ್ಲ, ಅವರನ್ನು ತಡೆದಿರುವುದು ಯಾವುದು? ಆ ಪ್ರಶ್ನೆಯನ್ನು ನಮ್ಮ ಊರಿನಲ್ಲಿಯೂ ನಾವು ಒಮ್ಮೆ ಕೇಳಿಕೊಂಡರೆ, ಆ ಹಿರಿಯರ ಹೆಸರನ್ನು ಒಂದು ಬಡಾವಣೆಗೆ ಇಟ್ಟುದು ಸಾರ್ಥಕವಾದೀತು.