ಸಂಡೂರಿನ ಗಣಿದಿಬ್ಬಗಳಲ್ಲಿ ಮೇಲ್ಮಣ್ಣಿನ ಪ್ರಶ್ನೆ

2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಮರುತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಆ ನಿಷೇಧ ಹಬ್ಬಿತು. ಸಮಾಜ ಪರಿವರ್ತನ ಸಮುದಾಯದ ಅರ್ಜಿಯಿಂದ ಹೊರಟ ಈ ಪ್ರಕರಣದ ಕುರಿತು ಕನ್ನಡದಲ್ಲಿ ಸಾಕಷ್ಟು ಬರೆದಿದ್ದಾರೆ. ಲೂಟಿ, ಪರ್ಮಿಟ್ಟು, ಬಂದರು, ರಾಜಕಾರಣ ಇವೇ ಆ ಬರಹಗಳ ವಸ್ತು. ಅದೇ ನ್ಯಾಯಾಲಯ ಕೆಟ್ಟ ನೆಲವನ್ನು ಸರಿಪಡಿಸಿದ ಮೇಲೆಯೇ ಅಗೆಯಬೇಕು ಎಂದು ವಿಧಿಸಿದ ಷರತ್ತು ಮಾತ್ರ ವಿದ್ವತ್ ಚರ್ಚೆಗೆ ಬಂದದ್ದು ಕಡಿಮೆ. ಈ ಲೇಖನ ಆ ಷರತ್ತನ್ನು ಕುರಿತದ್ದು.

ಕೇಂದ್ರ ಉನ್ನತಾಧಿಕಾರ ಸಮಿತಿ 166 ಗಣಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿತು. ಅಕ್ರಮ ಅತಿಯಾಗಿದ್ದ ಸಿ ವರ್ಗದ ಗುತ್ತಿಗೆಗಳು 2013ರ ಏಪ್ರಿಲ್ 18ರ ತೀರ್ಪಿನಲ್ಲಿ ರದ್ದಾದವು. ಉಳಿದವು ಗಣಿ ತೆರೆಯಬೇಕಾದರೆ, ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತು ಗುತ್ತಿಗೆವಾರು ಸಿದ್ಧಪಡಿಸಿದ ಪುನಶ್ಚೇತನ ಯೋಜನೆಗೆ ಒಳಪಡಬೇಕಾಯಿತು. ತಡೆಗೋಡೆ, ಚೆಕ್ ಡ್ಯಾಮ್, ದಿಬ್ಬದ ಸುತ್ತ ಹಾರದಂತೆ ಸಾಗುವ ಕಾಲುವೆ, ಹೂಳು ತಂಗುವ ಹೊಂಡ, ತೆಂಗಿನ ನಾರಿನ ಚಾಪೆ, ಗಿಡ ನೆಡುವಿಕೆ ಇವು ಆ ಯೋಜನೆಗಳ ಮುಖ್ಯ ಅಂಗ. ದೇಶದ ಗಣಿ ಇತಿಹಾಸದಲ್ಲಿ ಇದು ದೊಡ್ಡ ಹೆಜ್ಜೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನೆಲ ಚೇತರಿಸಿದೆಯೇ ಎಂದು ಅಳೆಯುವಾಗ ನಾವು ಎಣಿಸುವುದು ಸಸಿಗಳನ್ನು. ಎಣಿಸಬೇಕಾದದ್ದು ಮಣ್ಣಿನಲ್ಲಿದೆ.

ಸಂಡೂರಿನ ಗುಡ್ಡಗಳ ಇಳಿಜಾರಿನಲ್ಲಿ ಮೇಲ್ಮಣ್ಣು ತೆಳು. ಎಷ್ಟೋ ಕಡೆ ಒಂದು ಗೇಣು ತೋಡಿದರೆ ಕಲ್ಲು ತಾಗುತ್ತದೆ. ದಿಂಡಿಗ, ಕಮರ, ಬಂದರಿಕೆಯ ಪೊದೆ, ಹುಲ್ಲು ಎಲ್ಲವೂ ನಿಂತಿರುವುದು ಆ ಗೇಣು ಮಣ್ಣಿನ ಮೇಲೆ. ಒಂದು ಹೆಕ್ಟೇರಿನಲ್ಲಿ 15 ಸೆಂಟಿಮೀಟರ್ ದಪ್ಪದ ಪದರ ಎಂದರೆ 1,500 ಘನ ಮೀಟರ್. ಅದನ್ನು ಡೋಜರ್ ಒಂದೆರಡು ದಿನದಲ್ಲಿ ಕೆರೆದು ಹಾಕಬಲ್ಲದು. ಕಟ್ಟಿಕೊಳ್ಳಲು ಅದಕ್ಕೆ ಶತಮಾನಗಳು ಹಿಡಿದಿವೆ.

ಗಣಿಯವರು ಓಬಿ ಡಂಪ್ ಎನ್ನುವ ತ್ಯಾಜ್ಯದ ದಿಬ್ಬದಿಂದ ಒಂದು ಹೆಂಟೆ, ಪಕ್ಕದ ಕಾಡಿನ ನೆಲದಿಂದ ಒಂದು ಹೆಂಟೆ ತಂದು ಒಣಗಿಸಿ, ಎರಡು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಇಳಿಬಿಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕಾಡಿನ ಹೆಂಟೆ ಗುಳ್ಳೆ ಬಿಡುತ್ತ ಬಹಳ ಹೊತ್ತು ಇಡಿಯಾಗಿಯೇ ಇರುತ್ತದೆ. ಬೇರಿನ ಎಳೆಗಳು, ಶಿಲೀಂಧ್ರದ ತಂತುಗಳು, ಕೊಳೆತ ಸೊಪ್ಪಿನ ಅಂಟು ಅದನ್ನು ಹಿಡಿದಿರುತ್ತವೆ. ದಿಬ್ಬದ ಹೆಂಟೆ ನೋಡುತ್ತಿದ್ದಂತೆಯೇ ಕುಸಿದು ತಳದಲ್ಲಿ ಕೆಂಪು ರಾಡಿಯಾಗುತ್ತದೆ. ಮೊದಲ ಬಿರುಮಳೆಗೆ ಇಡೀ ದಿಬ್ಬದಲ್ಲಿ ನಡೆಯುವುದೂ ಇದೇ. ಮಣ್ಣು ಕಣಕಣವಾಗಿ ಬಿಡಿಯಾಗಿ, ರಂಧ್ರಗಳು ಮುಚ್ಚಿ, ಮೇಲೆ ಹೆಪ್ಪು ಕಟ್ಟುತ್ತದೆ. ನೀರು ಒಳಗೆ ಇಂಗದೆ ಮೇಲೆಯೇ ಹರಿದು ಕೊರಕಲು ತೆಗೆಯುತ್ತದೆ.

ಇಳಿಜಾರಿನ ಲೆಕ್ಕವನ್ನೂ ನೋಡಬೇಕು. ಟಿಪ್ಪರಿನಿಂದ ಸುರಿದ ತ್ಯಾಜ್ಯ ತಾನಾಗಿ ನಿಲ್ಲುವುದು ಸುಮಾರು 37 ಡಿಗ್ರಿಯಲ್ಲಿ. ಪರಿಸರ ಅನುಮತಿಗಳಲ್ಲಿ ಸಾಮಾನ್ಯವಾಗಿ ಕೇಳುವ ಮಿತಿ 28 ಡಿಗ್ರಿ. 30 ಮೀಟರ್ ಎತ್ತರದ ದಿಬ್ಬದ ಒಂದು ಮಗ್ಗುಲು ಮೊದಲ ಕೋನದಲ್ಲಿ 40 ಮೀಟರ್ ನೆಲ ಹಿಡಿದರೆ, ಎರಡನೆಯದರಲ್ಲಿ 56 ಮೀಟರ್ ಬೇಕು. ಆ 16 ಮೀಟರ್ ಎಲ್ಲಿಂದ ಬರಬೇಕು? ಗುತ್ತಿಗೆಯ ಗಡಿಯಾಚೆ ಮೀಸಲು ಅರಣ್ಯವಿರುತ್ತದೆ. ಹೀಗಾಗಿ ಇಕ್ಕಟ್ಟಿನ ಗುತ್ತಿಗೆಗಳಲ್ಲಿ ಮಗ್ಗುಲು ಕಡಿದಾಗಿಯೇ ಉಳಿದು, ಭಾರವೆಲ್ಲ ತಡೆಗೋಡೆಯ ಮೇಲೆ ಬೀಳುತ್ತದೆ.

ಗೋಡೆ ತುಂಬಿದ ಮೇಲೆ ಹೂಳು ಹಳ್ಳ ಹಿಡಿಯುತ್ತದೆ. ಮುಂಗಾರಿನಲ್ಲಿ ಸುಮ್ಮನಿದ್ದ ಹಳ್ಳಗಳು ಉತ್ತರೆ, ಹಸ್ತದ ಮಳೆಗೆ ಕೆಂಪಗೆ ಹರಿಯುತ್ತವೆ. ಕೆಳಗಿನ ಎರೆಹೊಲದ ರೈತ ಕೆರೆಗೋಡನ್ನು ದುಡ್ಡು ಕೊಟ್ಟು ಹೊಡೆಸಿಕೊಳ್ಳುವವನು. ಹೊರಗಿನಿಂದ ಬಂದ ಮಣ್ಣಿನ ಬಗ್ಗೆ ಅವನಿಗೆ ತಕರಾರಿಲ್ಲ. ಗಣಿಯಿಂದ ಬಂದ ನುಣುಪು ಪುಡಿಗೆ ಗೋಡಿನ ಸತ್ವವಿಲ್ಲ. ಅದು ಎರೆಯ ಮೇಲೆ ಒಣಗಿ ತೊಗಟೆಯಾದರೆ ಜೋಳದ ಮೊಳಕೆ ಸೀಳಿ ಮೇಲೇಳುವುದು ಕಷ್ಟ. ಪುನಶ್ಚೇತನ ಗುಡ್ಡಕ್ಕೆ ಎಷ್ಟು ಮುಖ್ಯವೋ ಬಯಲಿಗೂ ಅಷ್ಟೇ ಮುಖ್ಯ.

ಕಬ್ಬಿಣದ ಗಣಿಯ ತ್ಯಾಜ್ಯಕ್ಕೆ ಇನ್ನೊಂದು ತೊಡಕಿದೆ. ಕಬ್ಬಿಣದ ಆಕ್ಸೈಡುಗಳು ರಂಜಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ಗುಂಡಿಗೆ ಸೂಪರ್ ಫಾಸ್ಫೇಟ್ ಹಾಕಿದರೂ ಅದರ ಬಹುಭಾಗ ಬೇರಿಗೆ ದಕ್ಕುವುದಿಲ್ಲ. ಬೇರಿನೊಡನೆ ಬಾಳುವ ಮೈಕೊರೈಜಾ ಶಿಲೀಂಧ್ರ ಈ ಕೊರತೆಯನ್ನು ತುಂಬಬಲ್ಲದು. ಅದು ಸಿಗುವುದು ಜೀವಂತ ಮೇಲ್ಮಣ್ಣಿನಲ್ಲಿ. ಮೇಲ್ಮಣ್ಣನ್ನು ಬೇರೆಯಾಗಿ ಕೂಡಿಡಬೇಕೆಂದು ನಿಯಮಗಳು ಹೇಳುತ್ತವೆ, ಸರಿ. ಆದರೆ ಎರಡಾಳೆತ್ತರದ ರಾಶಿ ಹಾಕಿ ವರ್ಷಗಟ್ಟಲೆ ಬಿಟ್ಟರೆ ಒಳಗೆ ಗಾಳಿಯಾಡದೆ ಶಿಲೀಂಧ್ರ ಸಾಯುತ್ತದೆ, ಹುಲ್ಲಿನ ಬೀಜ ಹಾಳಾಗುತ್ತದೆ. ಕಡತದಲ್ಲಿ ಮೇಲ್ಮಣ್ಣು ಎಂದು ಉಳಿದದ್ದು ಆಗ ಬರೀ ಮಣ್ಣು. ಪಶ್ಚಿಮ ಆಸ್ಟ್ರೇಲಿಯಾದ ಜಾರಾ ಕಾಡಿನ ಬಾಕ್ಸೈಟ್ ಗಣಿಗಳಲ್ಲಿ ಇದಕ್ಕೆ ಕಂಡುಕೊಂಡ ದಾರಿ ಸರಳ: ಒಂದು ಗುಂಡಿಯಿಂದ ಕೆರೆದ ಮೇಲ್ಪದರವನ್ನು ರಾಶಿ ಹಾಕದೆ, ಅಗೆದು ಮುಗಿದ ಗುಂಡಿಗೆ ನೇರವಾಗಿ ಹರಡುವುದು.

ನಮ್ಮಲ್ಲಿ ಇದಕ್ಕೆ ಈಗ ಕಾಲ ಕೂಡಿಬಂದಿದೆ. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ವಾರ್ಷಿಕ ಉತ್ಪಾದನೆಯ ಮಿತಿಯನ್ನು ಬಳ್ಳಾರಿಗೆ 35, ಉಳಿದೆರಡು ಜಿಲ್ಲೆಗಳಿಗೆ 15 ದಶಲಕ್ಷ ಟನ್ನಿಗೆ ಏರಿಸಿತು. ಅಗೆತ ಹೆಚ್ಚಿದಂತೆ ಹೊಸ ನೆಲದ ಮೇಲ್ಮಣ್ಣು ಏಳುತ್ತಲೇ ಇರುತ್ತದೆ. ಅದು ಎದ್ದ ವಾರವೇ ಹಳೆಯ ದಿಬ್ಬದ ಮೈಮೇಲೆ ಹರಡಬೇಕು; ಗುತ್ತಿಗೆಯ ಗಡಿ ಇದಕ್ಕೆ ಅಡ್ಡ ಬರಬಾರದು. ಒಬ್ಬರ ಗಣಿಯ ಮಣ್ಣು ಇನ್ನೊಬ್ಬರ ದಿಬ್ಬಕ್ಕೆ ಹೋಗುವ ಏರ್ಪಾಡನ್ನು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಮಾಡಬಲ್ಲದು. ಅದರ ಬಳಿ ಹಣದ ಕೊರತೆಯೇನೂ ಇಲ್ಲ.

ಮೇಲ್ಮಣ್ಣು ಎಂದೋ ಕಳೆದುಹೋದ ಹಳೆಯ ದಿಬ್ಬಗಳಲ್ಲಿ ಅದನ್ನು ಹೊಸದಾಗಿ ಮಾಡಬೇಕಾಗುತ್ತದೆ. ಅಲ್ಲಿ ಹುಲ್ಲು ಮೊದಲು, ಮರ ಆಮೇಲೆ. ಹುಲ್ಲಿನ ಬೇರು ಒಂದೆರಡು ಮಳೆಗಾಲದಲ್ಲೇ ಮೇಲ್ಪದರವನ್ನು ಹೆಣೆಯುತ್ತದೆ, ಸತ್ತು ಕೊಳೆತು ಇಂಗಾಲ ಸೇರಿಸುತ್ತದೆ. ಅಕೇಶಿಯಾ ಬೇಗ ಹಸಿರು ತೋರಿಸುತ್ತದೆ ನಿಜ, ಫೋಟೋಗೂ ಚೆನ್ನ. ಅದರ ದಪ್ಪ ಸೊಪ್ಪು ನಿಧಾನವಾಗಿ ಕೊಳೆಯುತ್ತದೆ, ದಟ್ಟ ನೆರಳಿನಲ್ಲಿ ಹುಲ್ಲು ಹಿಂದೆ ಬೀಳುತ್ತದೆ. 2020ರ ಜನವರಿ 8ರಂದು ಸುಪ್ರೀಂ ಕೋರ್ಟು ಗಣಿಗಾರಿಕೆಯಿಂದ ಕೆಟ್ಟ ನೆಲದಲ್ಲಿ ಹುಲ್ಲು ಬೆಳೆಸಿ, ಮೇವಿಗೆ ಯೋಗ್ಯವಾಗಿ ಮರಳಿಸಬೇಕೆಂದು ಆದೇಶಿಸಿದ್ದು ಮಣ್ಣಿನ ದೃಷ್ಟಿಯಿಂದಲೂ ಸರಿಯಾದ ಮಾತು. ಈ ಸೀಮೆಯ ರೈತರು ಹೊಲದಲ್ಲಿ ಕುರಿಮಂದೆ ತರುಬಿಸಿ ಗೊಬ್ಬರ ಮಾಡಿಕೊಳ್ಳುವವರು. ಎಳೆಯ ದಿಬ್ಬದ ಮೇಲೆ ಕುರಿ ಹತ್ತಿಸಬಾರದು, ಗೊರಸಿಗೆ ಇಳಿಜಾರು ಕಿತ್ತುಬರುತ್ತದೆ. ಹಿಕ್ಕೆಯನ್ನು ಕೊಂಡು ಮೇಲಕ್ಕೆ ಸಾಗಿಸಬಹುದು. ಕುರಿಗಾಹಿಗೆ ನಾಲ್ಕು ಕಾಸು ಸಿಗುತ್ತದೆ, ದಿಬ್ಬಕ್ಕೆ ಜೀವ ಬರುತ್ತದೆ.

ಕಡಿದ ಗುಡ್ಡದ ನೆತ್ತಿ ಮರಳಿ ಬರುವುದಿಲ್ಲ. ತೆಗೆದದ್ದರಲ್ಲಿ ದೊಡ್ಡ ಪಾಲು ಅದಿರಾಗಿ ಹೋಗಿರುವುದರಿಂದ ಗುಂಡಿ ತುಂಬುವಷ್ಟು ಕಲ್ಲುಮಣ್ಣೂ ಅಲ್ಲಿ ಉಳಿದಿಲ್ಲ. ಉಳಿದ ನೆಲವನ್ನಾದರೂ ಉಳಿಸಿಕೊಳ್ಳಲು ಪರಿಶೀಲನೆಯ ಕ್ರಮ ಬದಲಾಗಬೇಕು. ದಿಬ್ಬ ನೋಡಲು ಹೋಗುವ ತಂಡ ಬದುಕಿದ ಸಸಿಗಳ ಪಟ್ಟಿಯೊಂದಿಗೆ ಒಂದು ಸಲಿಕೆಯನ್ನೂ ಒಯ್ಯಲಿ. ಪ್ರತಿ ವರ್ಷ ಅದೇ ಜಾಗಗಳಲ್ಲಿ ತೋಡಿ, ಸಾವಯವ ಇಂಗಾಲ, ನೀರು ಇಂಗುವ ವೇಗ, ಹೆಂಟೆಯ ಗಟ್ಟಿತನ ಈ ಮೂರನ್ನು ಅಳೆದು, ಆ ಅಂಕಿಗಳನ್ನು ಕೆಳಗಿನ ಊರಿನ ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಓದಿ ಹೇಳಲಿ.