‘ಗ್ರ್ಯಾಂಡ್’ ಎಂಬ ಪದದ ದೊಡ್ಡಸ್ತಿಕೆ

ಮದುವೆಮನೆಯಿಂದ ಬಂದವರು ‘ಬಹಳ ಗ್ರ್ಯಾಂಡಾಗಿ ಮಾಡಿದ್ದರು’ ಎಂದರೆ ಕನ್ನಡಿಗರಿಗೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. ಚಪ್ಪರ, ವಾಲಗ, ಎಲೆಯ ತುಂಬ ಭಕ್ಷ್ಯ, ಜರಿಸೀರೆಗಳ ಸರಭರ ಎಲ್ಲವೂ ಆ ಒಂದು ಪದದಲ್ಲೇ ಕಣ್ಣಮುಂದೆ ಬಂದು ನಿಲ್ಲುತ್ತವೆ. ಸೀರೆ ಅಂಗಡಿಯಲ್ಲೂ ಅಷ್ಟೇ. ‘ಸಿಂಪಲ್’ ಅಥವಾ ‘ಗ್ರ್ಯಾಂಡ್’ ಎಂದರೆ ಸಾಕು, ಯಾವ ಕಪಾಟಿಗೆ ಕೈ ಹಾಕಬೇಕೆಂದು ಅಂಗಡಿಯವನಿಗೆ ಗೊತ್ತಾಗುತ್ತದೆ. ಕನ್ನಡದ ಮಾತು ಈ ಪದವನ್ನು ಎರವಲು ಪಡೆದದ್ದು ಮುಖ್ಯವಾಗಿ ವೈಭವಕ್ಕಾಗಿ. ಆದರೆ ಅದು ಹುಟ್ಟಿ ಬೆಳೆದ ಇಂಗ್ಲಿಷಿನ ದಿನಬಳಕೆಯಲ್ಲಿ ವೈಭವಕ್ಕೆ ಅದನ್ನು ಬಳಸುವುದು ಕಡಿಮೆ. ಅಲ್ಲಿ ಅದು ಅಜ್ಜನ ಹೆಸರಿಗೆ, ಕಳ್ಳತನಕ್ಕೆ, ಇಸ್ಪೀಟಿನ ಆಟಕ್ಕೆ, ಲೆಕ್ಕದ ಕೊನೆಯ ಮೊತ್ತಕ್ಕೆ ಅಂಟಿಕೊಂಡಿದೆ. ಒಮ್ಮೊಮ್ಮೆ ಮನುಷ್ಯರ ಜೀವವೂ ಹಕ್ಕೂ ಈ ಪದದ ಮೇಲೆ ನಿಂತದ್ದುಂಟು.

ಲ್ಯಾಟಿನ್ ಭಾಷೆಯ ‘ಗ್ರಾಂಡಿಸ್’ ಇದರ ಮೂಲ. ಚೆನ್ನಾಗಿ ಬೆಳೆದ ಪೈರನ್ನೂ ವಯಸ್ಸಾದ ವ್ಯಕ್ತಿಯನ್ನೂ ರೋಮನ್ನರು ಈ ಪದದಿಂದ ಸೂಚಿಸುತ್ತಿದ್ದರು. ಮಹತ್ತಾದುದಕ್ಕೆ ‘ಮಾಗ್ನುಸ್’ ಎಂಬ ಬೇರೆ ಪದವಿತ್ತು. ಕಾಲಕ್ರಮದಲ್ಲಿ ಜನಸಾಮಾನ್ಯರ ಮಾತಿನಲ್ಲಿ ಗ್ರಾಂಡಿಸ್ ಗೆದ್ದು, ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಲ್ಲಿ ‘ದೊಡ್ಡದು’ ಎಂಬ ಅರ್ಥದಲ್ಲಿ ನೆಲೆಯೂರಿತು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯಲ್ಲೂ ನ್ಯಾಯಾಲಯದಲ್ಲೂ ಫ್ರೆಂಚ್ ಮಾತು ನೆಲೆಗೊಂಡಿತು. ಅದರ ಜೊತೆಯಲ್ಲೇ ‘ಗ್ರ್ಯಾಂಡ್’ ಸಹ ಇಂಗ್ಲಿಷಿಗೆ ಬಂತು. ಗಾತ್ರ ಹೇಳಲು ಇಂಗ್ಲಿಷರಿಗೆ ‘ಗ್ರೇಟ್’ ಎಂಬ ಸ್ವಂತ ಪದ ಆಗಲೇ ಇತ್ತು. ಹಾಗಾಗಿ ಹೊಸ ಅತಿಥಿಗೆ ದರ್ಜೆ ಹೇಳುವ ಕೆಲಸ ಹೆಚ್ಚಾಗಿ ಬಿತ್ತು: ಎರಡರಲ್ಲಿ ಯಾವುದು ಮೇಲು, ಯಾವುದು ಕೆಳಗೆ ಎಂದು ಗುರುತಿಸುವ ಕೆಲಸ.

ಮನೆಯೊಳಗೂ ಇದೇ ಆಯಿತು. ಹಳೆಯ ಇಂಗ್ಲಿಷಿನಲ್ಲಿ ಅಜ್ಜನಿಗೆ ‘ಮುದಿ ತಂದೆ’ ಎಂಬರ್ಥದ ಹೆಸರಿತ್ತು. ಫ್ರೆಂಚರ ಪ್ರಭಾವದಿಂದ ಅವನು ‘ಗ್ರ್ಯಾಂಡ್‌ಫಾದರ್’ ಆದ. ಕನ್ನಡದ ‘ದೊಡ್ಡಪ್ಪ’ ತಂದೆಗಿಂತ ಗಾತ್ರದಲ್ಲಿ ದೊಡ್ಡವನಾಗಿರಬೇಕಿಲ್ಲ. ಅಲ್ಲಿ ‘ದೊಡ್ಡ’ ಎಂಬುದು ಸಂಬಂಧದ ಸ್ಥಾನ. ಇದೂ ಹಾಗೆಯೇ. ಮೊಮ್ಮಗನ ವಿಷಯದಲ್ಲಿ ಮಾತ್ರ ಇಂಗ್ಲಿಷರು ಫ್ರೆಂಚರನ್ನು ಬಿಟ್ಟು ಬೇರೆ ದಾರಿ ಹಿಡಿದರು. ಫ್ರೆಂಚರು ಅವನನ್ನು ‘ಚಿಕ್ಕ ಮಗ’ ಎಂದರೆ ಇಂಗ್ಲಿಷರು ‘ಗ್ರ್ಯಾಂಡ್‌ಸನ್’ ಎಂದರು. ತೊಟ್ಟಿಲಲ್ಲಿ ಮಲಗಿದ ಕೂಸಿಗೂ ‘ಗ್ರ್ಯಾಂಡ್’! ಒಂದು ತಲೆಮಾರಿನ ಅಂತರ ಎನ್ನುವುದಷ್ಟೇ ಅಲ್ಲಿ ಉಳಿದ ಅರ್ಥ.

ನ್ಯಾಯಾಲಯದಲ್ಲಿ ಈ ಮೇಲು–ಕೀಳಿನ ಗೆರೆ ಕಠೋರವಾಗಿತ್ತು. ಇಂಗ್ಲೆಂಡಿನ ಕಾನೂನು ಕಳ್ಳತನವನ್ನು ‘ಗ್ರ್ಯಾಂಡ್’ ಮತ್ತು ‘ಪೆಟಿ’ ಎಂದು ಎರಡಾಗಿ ವಿಂಗಡಿಸಿತ್ತು. 1275ರ ವೆಸ್ಟ್‌ಮಿನ್‌ಸ್ಟರ್ ಶಾಸನದ ಕಾಲದಿಂದ ಈ ಎಲ್ಲೆ 12 ಪೆನ್ಸ್, ಅಂದರೆ ಒಂದು ಶಿಲಿಂಗ್. ಕದ್ದ ಮಾಲಿನ ಬೆಲೆ ಅದನ್ನು ಮೀರದಿದ್ದರೆ ಛಡಿ ಏಟು, ಸೆರೆವಾಸ. ಮೀರಿದರೆ ಕಾನೂನಿನ ಪ್ರಕಾರ ಮರಣದಂಡನೆ. ಮೊದಲ ಸಲ ಸಿಕ್ಕಿಬಿದ್ದವರು ಪಾದ್ರಿವರ್ಗಕ್ಕೆಂದು ಇದ್ದ ವಿನಾಯಿತಿಯನ್ನು ಬಳಸಿ ಪಾರಾಗಬಹುದಿತ್ತಾದರೂ ಎಲ್ಲರಿಗೂ ಆ ದಾರಿ ತೆರೆದಿರಲಿಲ್ಲ. ಶತಮಾನಗಳು ಉರುಳಿದಂತೆ ಸಾಮಾನುಗಳ ಬೆಲೆ ಏರಿತು, ಹಣದ ಬೆಲೆ ಇಳಿಯಿತು. ಆದರೆ 12 ಪೆನ್ಸಿನ ಎಲ್ಲೆ ಮಾತ್ರ ಕದಲಲಿಲ್ಲ. ಹಿಂದೆ ‘ಸಣ್ಣ’ದೆನಿಸಿದ್ದ ಕಳ್ಳತನ, ಅದೇ ವಸ್ತುವಿಗಾಗಿ, ‘ಗ್ರ್ಯಾಂಡ್’ ಆಗತೊಡಗಿತು.

ಇದಕ್ಕೆ ಪರಿಹಾರ ಹುಡುಕಿದವರು ಜೂರಿಯಲ್ಲಿ ಕುಳಿತ ಸಾಮಾನ್ಯ ಜನ. ಕದ್ದ ವಸ್ತುವಿನ ಬೆಲೆ ಎಲ್ಲೆಗಿಂತ ಹೆಚ್ಚೆಂದು ಕಣ್ಣಿಗೆ ಕಾಣುತ್ತಿದ್ದರೂ ಅವರು ಬೇಕೆಂದೇ ಹತ್ತೋ ಹನ್ನೊಂದೋ ಪೆನ್ಸ್ ಎಂದು ತೀರ್ಮಾನ ಕೊಡುತ್ತಿದ್ದರು. ಬಡವನ ಕುತ್ತಿಗೆ ಉಳಿಯುತ್ತಿತ್ತು. ಪ್ರಮಾಣ ಮಾಡಿ ಹೇಳಿದ ಈ ಸುಳ್ಳನ್ನು ಹದಿನೆಂಟನೆಯ ಶತಮಾನದ ಕಾನೂನು ಪಂಡಿತ ವಿಲಿಯಂ ಬ್ಲಾಕ್‌ಸ್ಟೋನ್ ಒಂದು ಬಗೆಯ ಪುಣ್ಯದ ಸುಳ್ಳೆಂದೇ ಗುರುತಿಸಿದ. 1827ರಲ್ಲಿ ಇಂಗ್ಲೆಂಡ್ ಈ ವಿಂಗಡಣೆಯನ್ನೇ ಕೈಬಿಟ್ಟಿತು. ಅಮೆರಿಕದ ಹಲವು ರಾಜ್ಯಗಳ ಕಾನೂನಿನಲ್ಲಿ ಮಾತ್ರ ದೊಡ್ಡ ಮೊತ್ತದ ಕಳವಿಗೆ ಇಂದಿಗೂ ‘ಗ್ರ್ಯಾಂಡ್’ ಎಂಬ ವಿಶೇಷಣವಿದೆ. ಮೊತ್ತಗಳು ಬದಲಾಗಿವೆ, ನೇಣು ಹೋಗಿದೆ.

ಅಮೆರಿಕದಲ್ಲಿ ಅಜ್ಜನೂ ಕಾನೂನಿನೊಳಗೆ ಬಂದ. ಅಲ್ಲಿನ ಸಂವಿಧಾನದ 15ನೆಯ ತಿದ್ದುಪಡಿ 1870ರಲ್ಲಿ ಜನಾಂಗದ ಕಾರಣಕ್ಕೆ ಮತದಾನ ನಿರಾಕರಿಸಬಾರದೆಂದು ವಿಧಿಸಿತು. ದಕ್ಷಿಣದ ರಾಜ್ಯಗಳು ಬಳಸುದಾರಿ ಹುಡುಕಿದವು. 1898ರಲ್ಲಿ ಲೂಸಿಯಾನ ರಾಜ್ಯ ಮತದಾರರಿಗೆ ಓದುಬರಹದ ಅಥವಾ ಆಸ್ತಿಯ ಅರ್ಹತೆಯನ್ನು ವಿಧಿಸಿ, 1867ರ ಜನವರಿ 1ರಂದು ಮತದ ಹಕ್ಕಿದ್ದವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಅದರಿಂದ ವಿನಾಯಿತಿ ಕೊಟ್ಟಿತು. ಆ ದಿನ ಅಲ್ಲಿನ ಕರಿಯರಿಗೆ ಮತದ ಹಕ್ಕೇ ಇರಲಿಲ್ಲ. ಅಕ್ಷರ ಬಾರದ ಬಿಳಿಯ ಮತ ಹಾಕಿದ. ಅಕ್ಷರ ಬಾರದ ಕರಿಯ ಹೊರಗುಳಿದ. ಇದಕ್ಕೆ ‘ಅಜ್ಜನ ನಿಯಮ’ ಎಂದೇ ಹೆಸರು ಬಿತ್ತು. ಒಕ್ಲಹೋಮ ರಾಜ್ಯದ ಇಂಥದೇ ನಿಯಮವನ್ನು ಸುಪ್ರೀಂ ಕೋರ್ಟ್ 1915ರಲ್ಲಿ ರದ್ದುಮಾಡಿತು. ಪದ ಮಾತ್ರ ಸಾಯಲಿಲ್ಲ. ಹೊಸ ದರ ಬಂದರೂ ಹಳೆಯ ಗಿರಾಕಿಗಳಿಗೆ ಹಳೆಯ ದರವನ್ನೇ ಮುಂದುವರಿಸುವುದಕ್ಕೆ ಇಂಗ್ಲಿಷಿನಲ್ಲಿ ಈಗಲೂ ‘ಗ್ರ್ಯಾಂಡ್‌ಫಾದರ್ ಮಾಡುವುದು’ ಎನ್ನುತ್ತಾರೆ. ಆ ಮಾತಿನ ಹಿಂದಿರುವ ಅನ್ಯಾಯ ಬಳಸುವವರಲ್ಲಿ ಅನೇಕರಿಗೆ ನೆನಪಿಲ್ಲ.

ಗೌರವಕ್ಕೂ ವ್ಯಂಗ್ಯಕ್ಕೂ ಈ ಪದ ಸಮನಾಗಿ ಒದಗಿತು. ನಾಲ್ಕು ಸಲ ಬ್ರಿಟನ್ನಿನ ಪ್ರಧಾನಿಯಾದ ಗ್ಲ್ಯಾಡ್‌ಸ್ಟನ್‌ರನ್ನು ಅಭಿಮಾನಿಗಳು ‘ಗ್ರ್ಯಾಂಡ್ ಓಲ್ಡ್ ಮ್ಯಾನ್’ ಎಂದು ಕರೆದು ‘ಜಿ.ಓ.ಎಂ.’ ಎಂದು ಚಿಕ್ಕದು ಮಾಡಿದರು. 1885ರಲ್ಲಿ ಖಾರ್ಟೂಮಿನಲ್ಲಿ ಜನರಲ್ ಗಾರ್ಡನ್ ಹತನಾದಾಗ ವಿರೋಧಿಗಳು ಅದೇ ಅಕ್ಷರಗಳನ್ನು ತಿರುಗಿಸಿ ‘ಎಂ.ಓ.ಜಿ.’ ಮಾಡಿದರು. ‘ಗಾರ್ಡನ್‌ನ ಕೊಲೆಗಾರ’ ಎಂಬುದು ಅದರ ಅರ್ಥ. ಅದೇ ಗ್ಲ್ಯಾಡ್‌ಸ್ಟನ್‌ರ ಲಿಬರಲ್ ಪಕ್ಷದಿಂದ 1892ರಲ್ಲಿ ಬೆರಳೆಣಿಕೆಯ ಮತಗಳ ಅಂತರದಲ್ಲಿ ಗೆದ್ದು ಪಾರ್ಲಿಮೆಂಟ್ ಪ್ರವೇಶಿಸಿದ ದಾದಾಭಾಯಿ ನವರೋಜಿಯವರಿಗೆ ‘ಭಾರತದ ಗ್ರ್ಯಾಂಡ್ ಓಲ್ಡ್ ಮ್ಯಾನ್’ ಎಂಬ ಹೆಸರು ನಿಂತಿತು.

ಬ್ರಿಟಿಷರು ಈ ಪದವನ್ನು ಭಾರತದ ನೆಲದ ಮೇಲೂ ಬರೆದುಹೋಗಿದ್ದಾರೆ. ‘ಗ್ರ್ಯಾಂಡ್ ಟ್ರಂಕ್ ರಸ್ತೆ’ ಎಂಬಲ್ಲಿ ‘ಟ್ರಂಕ್’ ಎಂದರೆ ಮರದ ಕಾಂಡ. ಕೊಂಬೆರಸ್ತೆಗಳೆಲ್ಲ ಕವಲೊಡೆಯುವ ಹೆದ್ದಾರಿ ಅದು. ತಮಿಳುನಾಡಿನಲ್ಲಿ ಕಾವೇರಿಗೆ ಅಡ್ಡಲಾಗಿರುವ ಪ್ರಾಚೀನ ಕಲ್ಲಣೈಯನ್ನು ಚೋಳ ದೊರೆ ಕರಿಕಾಲ ಕಟ್ಟಿಸಿದನೆಂದು ಪ್ರತೀತಿ. ಅದಕ್ಕೆ ಅವರಿಟ್ಟ ಹೆಸರು ‘ಗ್ರ್ಯಾಂಡ್ ಅನಿಕಟ್’. ಮೊದಲರ್ಧ ರೋಮಿನಿಂದ ಬಂದದ್ದು. ಉಳಿದರ್ಧ ತಮಿಳರ ‘ಅಣೈಕಟ್ಟು’, ಕನ್ನಡಿಗರ ‘ಅಣೆಕಟ್ಟು’.

ಆಟದಲ್ಲೂ ಲೆಕ್ಕದಲ್ಲೂ ಇದೇ ಕಥೆ. ಬ್ರಿಜ್ ಆಟದಲ್ಲಿ 12 ಪಟ್ಟು ಗೆದ್ದರೆ ‘ಸ್ಮಾಲ್ ಸ್ಲ್ಯಾಮ್’, ಎಲ್ಲ 13ನ್ನೂ ಗೆದ್ದರೆ ‘ಗ್ರ್ಯಾಂಡ್ ಸ್ಲ್ಯಾಮ್’. ಟೆನಿಸ್ ಅದನ್ನು ಇಸ್ಪೀಟಿನಿಂದಲೇ ಪಡೆಯಿತು. ಒಂದೇ ವರ್ಷ ನಾಲ್ಕು ಮುಖ್ಯ ಪ್ರಶಸ್ತಿಗಳನ್ನೂ ಗೆಲ್ಲುವುದು ಅದರ ಅರ್ಥ. 1938ರಲ್ಲಿ ಡಾನ್ ಬಜ್ ಮೊದಲಿಗೆ ಅದನ್ನು ಸಾಧಿಸಿದ. ಈಗ ಆ ನಾಲ್ಕರಲ್ಲಿ ಒಂದನ್ನು ಗೆದ್ದರೂ ‘ಗ್ರ್ಯಾಂಡ್ ಸ್ಲ್ಯಾಮ್ ಗೆದ್ದ’ ಎನ್ನುವುದು ರೂಢಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಆಡುಮಾತು ಒಂದು ಸಾವಿರ ಡಾಲರಿಗೆ ‘ಒಂದು ಗ್ರ್ಯಾಂಡ್’ ಎನ್ನತೊಡಗಿತು. ಬ್ರಿಟನ್ನಿನಲ್ಲಿ ಅದು ಸಾವಿರ ಪೌಂಡು. ಆಗ ದೊಡ್ಡದಾಗಿದ್ದ ಆ ಮೊತ್ತ ಇಂದು ಅಲ್ಲಿನ ಮಹಾನಗರಗಳಲ್ಲಿ ಒಂದು ತಿಂಗಳ ಮನೆಬಾಡಿಗೆಗೂ ಸಾಲದು. 12 ಪೆನ್ಸಿನ ಗತಿಯೇ ಇದಕ್ಕೂ ಬಂತು.

ಈ ಪದ ಎಲ್ಲಕ್ಕಿಂತ ಹೆಚ್ಚು ಮೆತ್ತಗಾಗಿರುವುದು ಐರ್ಲೆಂಡಿನಲ್ಲಿ. ‘ಹೇಗಿದ್ದೀರಿ?’ ಎಂದರೆ ‘ಗ್ರ್ಯಾಂಡ್’. ಅಂದರೆ ಹೀಗೇ ಇದ್ದೇನೆ, ಪರವಾಗಿಲ್ಲ. ಬಸ್ಸು ಹತ್ತು ನಿಮಿಷ ತಡವಾದರೂ ಗ್ರ್ಯಾಂಡ್, ಚಹಾಕ್ಕೆ ಸಕ್ಕರೆ ಬೇಡವೆನ್ನಲೂ ಗ್ರ್ಯಾಂಡ್. ಅಲ್ಲಿಗೆ ಹೋದ ಹೊಸಬರು ಈ ಉತ್ತರವನ್ನು ದೊಡ್ಡ ಹೊಗಳಿಕೆಯೆಂದು ತಿಳಿದು ಹಿಗ್ಗಿದರೆ ಆಶ್ಚರ್ಯವಿಲ್ಲ. ಒಂದು ಕಾಲಕ್ಕೆ ಒಂದು ಪೆನ್ನಿಯ ವ್ಯತ್ಯಾಸದಲ್ಲಿ ನೇಣಿಗೂ ಛಡಿ ಏಟಿಗೂ ನಡುವೆ ಗೆರೆ ಎಳೆದ ಪದ, ಇನ್ನೊಂದು ಕಾಲಕ್ಕೆ ಮತಗಟ್ಟೆಯ ಬಾಗಿಲಲ್ಲಿ ಅಜ್ಜನ ಹೆಸರಿನಲ್ಲಿ ಅಡ್ಡ ನಿಂತ ಪದ, ಇಂದು ಡಬ್ಲಿನ್ನಿನ ಅಡುಗೆಮನೆಯಲ್ಲಿ ‘ಸಾಕು, ಏನೂ ತೊಂದರೆಯಿಲ್ಲ’ ಎನ್ನುತ್ತದೆ. ಎತ್ತರದಿಂದ ಇಳಿದು ಬಂದ ಪದಗಳಲ್ಲಿ ಇಷ್ಟು ಸೌಮ್ಯವಾದ ಜಾಗ ಸಿಕ್ಕಿದ್ದು ಕೆಲವಕ್ಕೆ ಮಾತ್ರ.